ಇಂಥವರ ಅಂತ್ಯಕ್ರಿಯೆ

ಮನೆಯಲ್ಲೇ ಕೂತು ಓದಿ ಚರ್ಚಿನ ಸಭಾಪಾಲಕರಾಗಬಹುದು ಎಂದು ಕಂಡುಹಿಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಅವನನ್ನು ಖಾನಾಪುರದ ನಮ್ಮ ಪಡಸಾಲೆಯಲ್ಲಿ ಒಂದು ಶನಿವಾರ ಕೂರಿಸಬೇಕು. ಪುಸ್ತಕಗಳು ಬೆಳಗಾವಿಯ ಕಚೇರಿಯಿಂದ ಬರುತ್ತಿದ್ದವು. ವಿದ್ಯಾರ್ಥಿಗಳು ವಾರವೆಲ್ಲ ತಮ್ಮ ಕೆಲಸ ನೋಡಿಕೊಂಡು ಮನೆಯಲ್ಲಿ ಓದಬೇಕು, ಶನಿವಾರ ನನ್ನೆದುರು ಬಂದು ಚರ್ಚೆ ಮಾಡಬೇಕು. ಕಾಲೇಜಿನಿಂದ ನಿವೃತ್ತಳಾಗಿ ಬೆಳಗಾವಿಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಹಿಡಿದು ಸ್ಥಳೀಯ ಮಾರ್ಗದರ್ಶಕಿ ಎಂದು ಹೆಸರಿಟ್ಟರು. ಖಾನಾಪುರದಲ್ಲಿ ತಮ್ಮನ ಸಂಸಾರ, ಅವರ ಜೊತೆ ಅವ್ವ. ಆ ಮನೆಯ ಪಡಸಾಲೆಯೇ ನಮ್ಮ ದೈವಜ್ಞಾನ ಕೇಂದ್ರವಾಯಿತು.

ಪುಸ್ತಕದಲ್ಲಿ ಒಂದು ಪ್ರಶ್ನೆ, ಅದರ ಕೆಳಗೇ ಉತ್ತರ. ಉತ್ತರದ ಮೇಲೆ ರಟ್ಟಿನ ತುಂಡು ಇಟ್ಟು ಮೊದಲು ತಾನೇ ಯೋಚಿಸಬೇಕು, ಆಮೇಲೆ ರಟ್ಟು ಸರಿಸಿ ನೋಡಬೇಕು. ಎಂಥಾ ನಂಬಿಕೆ! ನನ್ನ ಮೂವರು ಶಿಷ್ಯರ ಪುಸ್ತಕಗಳಲ್ಲಿ ಆ ರಟ್ಟು ಒಂದು ಕಲೆಯೂ ಇಲ್ಲದೆ ಕೊನೆಯ ಪುಟದಲ್ಲಿ ಮಲಗಿರುತ್ತಿತ್ತು. ಉತ್ತರ ಮಾತ್ರ ಚಾಚೂ ತಪ್ಪದೆ ಬರುತ್ತಿತ್ತು. ಚರ್ಚೆ ಮಾಡಿ ಅಂದರೆ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದರು.

ಒಬ್ಬ ಬಸ್ ಕಂಡಕ್ಟರ್, ಒಬ್ಬ ಹಂಚಿನ ಕಾರ್ಖಾನೆಯ ಗುಮಾಸ್ತ. ಮೂರನೆಯವನು ಪೀರನವಾಡಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವನು. ಇವನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಪಾಸಾಗುವ ಮೊದಲೇ ಬಿಳಿ ನಿಲುವಂಗಿ ಹೊಲಿಸಿಟ್ಟಿದ್ದ. ಮುಖ ಕಾಣುವಂಥ ಬೂಟು ಬೇರೆ. ಅವನು ಪ್ರಾರ್ಥನೆಗೆ ಬಾಯಿ ತೆರೆದರೆ ಓಣಿಯಲ್ಲಿ ಹೋಗುವವರು ನಿಂತು, ಯಾರ ಮನೆಯಲ್ಲಿ ಜಗಳ ಎಂದು ನೋಡುತ್ತಿದ್ದರು.

ಬೆಳಗಾವಿ ಕಚೇರಿಯ ನಿರ್ದೇಶಕರದು ಇನ್ನೊಂದು ಕಥೆ. ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು, ಬ್ಯಾನರ್ ಕಟ್ಟಿಸಿ, ಫೋಟೊ ತೆಗೆಸಿಕೊಂಡು, ಎಲ್ಲರನ್ನೂ ಪಾಸು ಮಾಡಿಬಿಡಿ ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ಉಳಿದ ದಿನ ವಾಟ್ಸಾಪಿನಲ್ಲಿ ಗುಲಾಬಿ ಹೂವು ಕಳಿಸುತ್ತಿದ್ದರು. ಹಿಂದೆ ಅಪ್ಪ ತೀರಿಕೊಂಡಾಗ ಮಣ್ಣು ಮಾಡಿಸಲು ಬಂದವರೂ ಇವರೇ. ನಮ್ಮ ಸಣ್ಣ ಸಭೆಗೆ ಸ್ವಂತ ಸಭಾಪಾಲಕರಿರಲಿಲ್ಲ. ಅಪ್ಪನ ಮುಖವನ್ನೇ ನೋಡಿರದ ಈ ಮನುಷ್ಯ ಗಂಟೆಗಟ್ಟಲೆ ಮಾತಾಡಿ, ನಡುವೆ ನನ್ನತ್ತ ಬಗ್ಗಿ, ಸತ್ತವರ ಹೆಸರೇನು ಎಂದು ಕೇಳಿದರು. ಆಗ ಅವ್ವನ ಕಿವಿ ಚುರುಕಾಗಿತ್ತು, ಕೇಳಿಸಿಕೊಂಡಳು. ಅಂದಿನಿಂದ ಅವಳದು ಒಂದೇ ಹಟ: ತನ್ನ ಗುರುತಿರುವವರೇ ತನ್ನ ಮಣ್ಣು ಮಾಡಬೇಕು. ಕಿವಿ ಮಂದವಾದಷ್ಟೂ ಹಟ ಗಟ್ಟಿಯಾಯಿತು.

ಕೊನೆಯ ಪಾಠ ಅಂತ್ಯಕ್ರಿಯೆಯ ಪ್ರಸಂಗ, ಅಂದರೆ ಮಣ್ಣಿನ ಹೊತ್ತಿಗೆ ಸತ್ತವರ ಬಗ್ಗೆ ಮಾಡುವ ಉಪದೇಶ. ಅದರಲ್ಲಿ ಪಾಸಾದವರಿಗೆ ಮಣ್ಣು ಮಾಡಿಸುವ ಅನುಮತಿ ಸಿಗುತ್ತಿತ್ತು, ಪಾಸು ಮಾಡುವುದು ನನ್ನ ಕೈಯಲ್ಲಿತ್ತು. ಪುಸ್ತಕದ ಮಾದರಿ ಪ್ರಸಂಗದಲ್ಲಿ ಸತ್ತವರ ಹೆಸರಿರಬೇಕಾದ ಕಡೆ ‘ಇಂಥವರು’ ಎಂದು ಅಚ್ಚಾಗಿತ್ತು. ನಾನು ಬೆಂಚಿನ ಮೇಲೆ ದಿಂಬು ಮಲಗಿಸಿ, ನಿಮಗೆ ಗೊತ್ತಿದ್ದವರು ಯಾರೋ ಹೋಗಿದ್ದಾರೆ ಅಂದುಕೊಂಡು ಮಾತಾಡಿ ಎಂದೆ. ಕಂಡಕ್ಟರ್ ಕೈ ಕಟ್ಟಿ ನಿಂತು, “ನಮ್ಮ ಪ್ರೀತಿಯ ಇಂಥವರು ಇಂಥ ಊರಿನಲ್ಲಿ ಹುಟ್ಟಿ, ಇಂಥ ಕೆಲಸವನ್ನು ನಿಷ್ಠೆಯಿಂದ ಮಾಡಿ” ಎಂದು ಕಣ್ಣು ಮುಚ್ಚಿ ಒಪ್ಪಿಸಿದ. ಗುಮಾಸ್ತ ಅದನ್ನೇ ಇನ್ನಷ್ಟು ದುಃಖದಿಂದ ಒಪ್ಪಿಸಿದ. ಇಂಥವರಿಗಾಗಿ ಕರವಸ್ತ್ರ ತೆಗೆದು ಕಣ್ಣು ಕೂಡ ಒರೆಸಿಕೊಂಡ. ಥೂ, ಇವರ ಕೈಗೆ ಸಿಕ್ಕಿ ಸಾಯುವುದಕ್ಕಿಂತ ಹೇಗಾದರೂ ಬದುಕಿರುವುದೇ ವಾಸಿ ಎನಿಸಿತು.

ಗಾಡಿಯವನ ಸರದಿ ಬಂತು. ಅವನು ದಿಂಬು ನೋಡಿ ತಲೆ ಅಲ್ಲಾಡಿಸಿದ.

“ಗಾಡಿ ನೋಡದ, ಮಾಲಕರನ್ನ ಕೇಳದ ನಾ ಗಿರಾಕಿ ಮುಂದ ಬಾಯಿ ತಗ್ಯಾಂಗಿಲ್ರಿ ಅಕ್ಕೋರ.”

ನಾನು ಏನಾದರೂ ಹೇಳುವಷ್ಟರಲ್ಲಿ ಬೂಟು ಬಿಚ್ಚಿ ಒಳಗೆ ಹೋಗಿ, ಅವ್ವನ ಮಂಚದ ಬಳಿ ಕೂತು, ಸತ್ತ ಮೇಲೆ ನಿಮ್ಮ ಬಗ್ಗೆ ಏನು ಹೇಳಲಿ ಎಂದು ಕೇಳಿಯೇಬಿಟ್ಟ. ಬದುಕಿರುವ ಮುದುಕಿಗೆ! ತಮ್ಮನ ಹೆಂಡತಿ ಅಡುಗೆ ಮನೆಯಿಂದ ಓಡಿ ಬಂದಳು. ನನಗೆ ಕೈಯಲ್ಲಿದ್ದ ಪುಸ್ತಕ ಅವನ ತಲೆಗೆ ಎಸೆಯುವಷ್ಟು ಸಿಟ್ಟು. ಅವ್ವ ಮಾತ್ರ ಹೊತ್ತು ಇಳಿಯುವವರೆಗೆ ಅವನ ಜೊತೆ ಹರಟಿದಳು. ನಾನು ಬಾಗಿಲಿಗೆ ಹೋದರೆ ಕೈ ಬೀಸಿ ಹೊರಗೆ ಕಳಿಸಿದಳು.

ಅವನು ಹೋದ ಮೇಲೆ ನನ್ನನ್ನು ಕರೆದಳು. “ನನ್ನ ಮಣ್ಣಿಗೆ ಇವನ ಇರ್ಲಿ. ಇವಂದೊಂದ ದನಿ ನನಗ ಕೇಳಸ್ತೈತಿ.”

ಅವನು ಬರೀ ಬಡಾಯಿಕೋರ, ಸತ್ತ ಮೇಲೆ ನೀನು ಕೇಳಿಸಿಕೊಳ್ಳುವುದಾದರೂ ಏನು ಎಂದು ರೇಗಿದೆ.

“ಅವ ಬಂದು ಕೇಳಿದ,” ಎಂದಳು ಅವ್ವ. “ನೀವ್ಯಾರೂ ಕೇಳಿಲ್ಲ.”

ಹಲ್ಲು ಕಚ್ಚಿಕೊಂಡು ಪಾಸು ಮಾಡಿದೆ. ಬೂಟಿನ ಸಲುವಾಗಿ ಒಂದಿಷ್ಟು ಅಂಕ ಕಡಿಮೆ ಹಾಕಿದ್ದು ನನ್ನ ಸ್ವಂತ ಸಮಾಧಾನಕ್ಕೆ. ಉಳಿದಿಬ್ಬರ ಕೈಗೆ ರಟ್ಟು ಕೊಟ್ಟು ಮತ್ತೆ ಮೊದಲ ಪುಟಕ್ಕೆ ಕಳಿಸಿದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಹೋದಳು. ನಿರ್ದೇಶಕರು ಕಾರಿನಲ್ಲಿ ಬಂದರು, ಕೈಯಲ್ಲಿ ಮಡಿಸಿದ ಹಾಳೆಗಳು. ಹಿರಿಯರಿರುವಾಗ ಹೊಸಬ ಯಾಕೆ ಎನ್ನುತ್ತ ತಾವೇ ಮುಂದಾದರು. ನಾನು ಅಡ್ಡ ನಿಂತೆ. ಅವ್ವನ ಮಾತು ನಡೆಯಲೇಬೇಕಿತ್ತು, ಇಲ್ಲದಿದ್ದರೆ ನನಗೇನು ಆ ಗಾಡಿಯವನ ಮೇಲೆ ಪ್ರೀತಿ ಉಕ್ಕುತ್ತಿರಲಿಲ್ಲ. ಅವನು ಹೊಲಿಸಿಟ್ಟ ನಿಲುವಂಗಿ ತೊಟ್ಟು ಗುಂಡಿಯ ಅಂಚಿಗೆ ಬಂದ. ಮುಗಿಯಿತು, ಇನ್ನು ಕತ್ತಲಾಗುವವರೆಗೆ ಬಿಡುವವನಲ್ಲ ಅಂದುಕೊಂಡೆ.

ಅವನು ಅವ್ವನ ಹೆಸರು ಹೇಳಿದ. ತವರು ಪಾರಿಶ್ವಾಡ ಎಂದ. ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದ ಕೈ ಇದು ಎಂದ. ಅಷ್ಟೂ ಆಚೆಯ ರಸ್ತೆಗೆ ಕೇಳುವಂತೆ. ಆಮೇಲೆ ದನಿ ಇಳಿಸಿದ. ಅವನಿಗೆ ದನಿ ಇಳಿಸಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ.

“ಇದರ ಮ್ಯಾಲ ಮಾತ ಬ್ಯಾಡ ಅಂದಾರ್ರಿ ಆಯಿ. ನನ್ನ ಮಗಳು ಭಾಳ ಮಾತಾಡ್ತಾಳ, ಅಕೀ ಬಾಯಿ ತಗ್ಯೂದ್ರಾಗ ಅಕೀ ಕೈಲೆ ಮೊದಲ ಮಣ್ಣ ಹಾಕಸು ಅಂದಾರ.”

ನಿರ್ದೇಶಕರು ಹಾಳೆಗಳನ್ನು ಕಿಸೆಗೆ ತುರುಕಿಕೊಂಡರು. ನಾನೂ ಅವ್ವನ ಬಗ್ಗೆ ಎರಡು ಹಾಳೆ ಬರೆದು ಚೀಲದಲ್ಲಿ ತಂದಿದ್ದೆ. ಚೀಲವನ್ನು ಗಾಡಿಯವನ ಕೈಗೆ ಕೊಟ್ಟು, ಬಗ್ಗಿ ಮಣ್ಣು ತೆಗೆದುಕೊಂಡೆ.