ಮೊದಲ ಸಾಲಿನ ಏಳನೇ ಕುರ್ಚಿ

ಬುಡಾಪೆಸ್ಟಿನ ಗಿಝೆಲ್ಲಾ ಐವತ್ತು ವರ್ಷ ಗುಂಡಿ ಮಾರಿದವಳು. ಕೋಟಿನ ಗುಂಡಿ ನೋಡಿಯೇ ಗಂಡಸಿನ ಯೋಗ್ಯತೆ ಹೇಳಿಬಿಡುತ್ತಿದ್ದಳು. ಆ ಗುಂಡಿ ಅವಳ ಅಂಗಡಿಯದಾಗಿದ್ದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವಳ ಗಂಡ ವೆಂಡೆಲ್, ರಿಂಗ್ ರಸ್ತೆಯ ಹಿಂದಿದ್ದ ನಾಟಕಶಾಲೆಯಲ್ಲಿ ಮೂವತ್ತೊಂದು ವರ್ಷ ನಟರಿಗೆ ಮಾತು ಎತ್ತಿಕೊಡುವ ಕೆಲಸ ಮಾಡಿದ. ರಂಗದ ಅಂಚಿನಲ್ಲಿ ಒಂದು ಮರದ ಗೂಡು. ಒಳಗೆ ಕುತ್ತಿಗೆಮಟ್ಟ ಹೂತುಕೊಂಡಂತೆ ಇವನು. ಪ್ರತಿ ಸಾಲಿನ ಮೊದಲೆರಡು ಪದ ಪಿಸುಗುಟ್ಟಿದರೆ ಸಾಕು, ಉಳಿದದ್ದು ನಟರ ಬಾಯಲ್ಲಿ ತಾನಾಗಿ ಬರುತ್ತಿತ್ತು. ಆ ಪಿಸುಮಾತು ಇಡೀ ಸಭೆಯಲ್ಲಿ ಕೇಳುತ್ತಿದ್ದದ್ದು ಮೊದಲ ಸಾಲಿನ ಏಳನೇ ಕುರ್ಚಿಗೆ ಮಾತ್ರ. ಬೇರೆಯವರು ನಾಟಕವನ್ನು ಒಂದು ಸಲ ಕೇಳಿದರೆ ಆ ಕುರ್ಚಿಯಲ್ಲಿ ಕೂತ ಗಿಝೆಲ್ಲಾ ಅದೇ ಟಿಕೆಟ್ಟಿಗೆ ಎರಡು ಸಲ ಕೇಳಿಕೊಂಡು ಬರುತ್ತಿದ್ದಳು.

ವೆಂಡೆಲ್ ಹೋಗಿ ಒಂಬತ್ತು ವರ್ಷವಾಗಿತ್ತು. ಅವನ ಕೆಮ್ಮು, ಗೊರಕೆ, ಸೂಪಿಗೆ ಉಪ್ಪು ಕಮ್ಮಿಯೆಂದು ತೆಗೆಯುತ್ತಿದ್ದ ರಾಗ, ಎಲ್ಲ ಅವಳಿಗೆ ಇನ್ನೂ ನೆನಪಿತ್ತು. ಆ ಪಿಸುಮಾತು ಮಾತ್ರ ಈಚೆಗೆ ಕಿವಿಯಿಂದ ಜಾರತೊಡಗಿತ್ತು. ಹಾಡಿದವರದೆಲ್ಲ ರೆಕಾರ್ಡು ಆಗಿದೆ. ಗೂಡಿನೊಳಗೆ ಪಿಸುಗುಟ್ಟಿದವನದನ್ನು ಯಾರು ಮಾಡಿಟ್ಟಾರು? ಹಾಗಾಗಿ ‘ಜೇನು ಸಾಕಿದ ಕೌಂಟ್’ ಎಂಬ ಹಳೆಯ, ಹಾಡು ತುಂಬಿದ ನಗೆನಾಟಕ ಅದೇ ನಾಟಕಶಾಲೆಗೆ ಹೊಸ ರೂಪದಲ್ಲಿ ಮತ್ತೆ ಬರುತ್ತದೆಂದು ಗೊತ್ತಾದ ದಿನವೇ ಭಾನುವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತಂದಳು. ಅದೇ ಕುರ್ಚಿಯಲ್ಲಿ ಕೂತು ಎರಡನೇ ಅಂಕದ ಜೋಡಿಹಾಡು ಕೇಳಿದರೆ, ಒಂದೊಂದು ಸಾಲಿನ ಮುಂದೆಯೂ ಅವನ ದನಿ ತಾನಾಗಿ ಎದ್ದುಬಂದೀತು ಎಂಬ ಆಸೆ.

ಜೊತೆಗೆ ಬಂದವಳು ಪಕ್ಕದ ಟೋಪಿ ಅಂಗಡಿಯ ಮಾಲ್ವಿನ್. ಕೋಟುಗಳನ್ನು ಬಾಗಿಲಲ್ಲಿ ಕಾದಿಡುವವರಿಗೆ ಒಪ್ಪಿಸಿ ಒಳಗೆ ಹೋಗಿ ನೋಡಿದರೆ ಗೂಡೇ ಇರಲಿಲ್ಲ. ಆ ಜಾಗದಲ್ಲಿ ಹಲಗೆ ಹೊಡೆದು, ನೀಲಿ ದೀಪದ ಪಟ್ಟಿ ಎಳೆದಿದ್ದರು.

ಪರದೆ ಎದ್ದಿತು. ಜೇನುತೋಟ ಇರಬೇಕಾದಲ್ಲಿ ಜಿಮ್ ಇತ್ತು. ಅಷ್ಟು ದೊಡ್ಡ ಜಹಗೀರುದಾರ ಕೌಂಟ್ ಚಡ್ಡಿ ಹಾಕಿಕೊಂಡು, ಓಡುವ ಯಂತ್ರದ ಮೇಲೆ ಇದ್ದಲ್ಲೇ ಓಡುತ್ತಿದ್ದ.

“ಜೇನು ಎಲ್ಲೇ?” ಗಿಝೆಲ್ಲಾ ಕೇಳಿದಳು.

“ಆ ಪುಡಿ ಡಬ್ಬದಲ್ಲಿ ಇರ್ಬೇಕು ಕಣೇ, ನೀರಲ್ಲಿ ಕಲಸಿ ಕುಡೀತಾರಂತೆ.”

“ಇವನ ಅಂಗೀಗೆ ಒಂದು ಗುಂಡೀನಾದ್ರೂ ಇದ್ಯಾ ನೋಡು. ಮೇಲಿಂದ ಕೆಳಗೆ ಜಿಪ್ಪು!”

“ಅಂಗಡಿ ಮುಚ್ಚಿ ಆರು ವರ್ಷ ಆಯ್ತು, ವ್ಯಾಪಾರದ ಹೊಟ್ಟೆಕಿಚ್ಚು ಇನ್ನೂ ಹೋಗ್ಲಿಲ್ಲ ನಿಂಗೆ.”

ಮಧ್ಯಂತರದಲ್ಲಿ ಮಾಲ್ವಿನ್ ಉಪ್ಪು ಬನ್ನು ಮುರಿಯುತ್ತ, “ಮನೆಗೆ ಹೋಗೋಣ್ವಾ?” ಎಂದಳು.

“ಹಾಡು ಆಗ್ಲಿ.”

ಹಾಡು ಬಂತು. ಕೆನ್ನೆಗೆ ಮೈಕು ಅಂಟಿಸಿಕೊಂಡ ಹುಡುಗ, ಹುಡುಗಿ. ಹಿಂದೆ ತಾಳ ಹಾಕುವ ಯಂತ್ರದ ಢಂ ಢಂ. ಗಿಝೆಲ್ಲಾ ಕಣ್ಣು ಮುಚ್ಚಿ ಕಿವಿ ನೆಟ್ಟಳು. ಸಾಲಿನ ಮುಂದಿನ ಆ ಚೂರು ಬಿಡುವಿನಲ್ಲೇ ವೆಂಡೆಲ್ ಇರುತ್ತಿದ್ದದ್ದು. ಢಂ ಢಂ ಅದನ್ನೂ ಬಿಡದೆ ತುಂಬಿಕೊಂಡಿತ್ತು.

ಆದರೆ ಭಾನುವಾರ ಮಧ್ಯಾಹ್ನದ ಸಭೆಯೆಂದರೆ ಪಿಂಚಣಿದಾರರ ಸಭೆ. ಜೋಡಿಹಾಡು ಮುಗಿದರೆ ಎಲ್ಲರೂ ಒಂದೇ ತಾಳದಲ್ಲಿ ಚಪ್ಪಾಳೆ ಹಾಕಿ ಮತ್ತೆ ಹಾಡಿಸದೆ ಬಿಡುವವರಲ್ಲ. ಚೆನ್ನಾಗಿ ಹಾಡಿದರೋ ಕೆಟ್ಟದಾಗಿ ಹಾಡಿದರೋ, ಆ ಲೆಕ್ಕ ಬೇರೆ. ಹೀಗೆ ಮತ್ತೆ ಹಾಡಿಸಿದಾಗ ಹಾಡಲೆಂದೇ ಹಳಬರು ಒಂದು ಚರಣ ಉಳಿಸಿಕೊಳ್ಳುತ್ತಿದ್ದರು. ಹೊಸ ನಿರ್ದೇಶಕ ಅದನ್ನು ಕತ್ತರಿಸಿದ್ದ. ಚಪ್ಪಾಳೆ ಏರಿತು. ವಾದ್ಯಮೇಳದ ಮುದುಕ ನಾಯಕ, ಅಭ್ಯಾಸಬಲದಿಂದ, ಕೋಲೆತ್ತಿಬಿಟ್ಟ. ಪಿಟೀಲುಗಳು ಶುರುವಾದವು. ತಾಳದ ಯಂತ್ರಕ್ಕೆ ಈ ಸಂಗತಿ ಗೊತ್ತಿರಲಿಲ್ಲ, ಸುಮ್ಮನಿತ್ತು.

ಹುಡುಗ ಬಾಯಿ ತೆರೆದ. ಏನೂ ಬರಲಿಲ್ಲ. ಆ ಊರಲ್ಲಿ ಹಾಡುವವರಿಗೆಲ್ಲ ಗೊತ್ತಿದ್ದ ಚರಣ. ಭಯಕ್ಕೆ ತಲೆಯಿಂದ ಹಾರಿಹೋಗಿತ್ತು. ಅವನು ನೆಲ ನೋಡಿದ. ಅಲ್ಲಿ ನೀಲಿ ದೀಪ ಮಾತ್ರ.

“ಕುಟುಕಿದ ಜಾಗ…” ಎಂದಿತು ಒಂದು ಪಿಸುಮಾತು.

ಹುಡುಗ ತಟ್ಟನೆ ಹಿಡಿದುಕೊಂಡ: “ಕುಟುಕಿದ ಜಾಗ ತೋರಲಾರೆ…”

“ಕುಟುಕಿದವಳ…”

“ಕುಟುಕಿದವಳ ಹೆಸರ ಹೇಳಲಾರೆ!”

ಸಭೆ ಎದ್ದು ನಿಂತಿತು. ಮಾಲ್ವಿನ್ ಬಾಗಿ, “ನೀನೇನೇ ಹೇಳ್ಕೊಟ್ಟಿದ್ದು?” ಎಂದಳು. ಗಿಝೆಲ್ಲಾ ಬಾಯಿಗೆ ಅಡ್ಡ ಹಿಡಿದಿದ್ದ ಅಂಗೈಯನ್ನು ಆಗಷ್ಟೇ ನೋಡಿಕೊಂಡಳು. ವೆಂಡೆಲ್ ಹೀಗೇ ಹಿಡಿಯುತ್ತಿದ್ದ. ದನಿಯೇನೋ ತನ್ನದೇ. ಅದರೊಳಗೆ ಅವನದು ಒಂದೆಳೆಯಾದರೂ ಇತ್ತೇ? ಕೇಳಿಸಿಕೊಳ್ಳೋಣವೆಂದರೆ ಹಾಳು ಚಪ್ಪಾಳೆ ಬಿಡಲಿಲ್ಲ.

ಆಟ ಮುಗಿದ ಮೇಲೆ ಮಾಲ್ವಿನ್ ಕೋಟು ಬಿಡಿಸಿಕೊಳ್ಳಲು ಹೋದಳು. ಗಿಝೆಲ್ಲಾ ನೆಟ್ಟಗೆ ಟಿಕೆಟ್ ಕಿಟಕಿಗೆ ನಡೆದಳು.

“ಮುಂದಿನ ಭಾನುವಾರಕ್ಕೆ ಒಂದು ಕೊಡಮ್ಮ.”

“ಅಷ್ಟು ಚೆನ್ನಾಗಿತ್ತಾ ಅಜ್ಜಿ?” ಕಿಟಕಿಯ ಹುಡುಗಿ ಮುಖ ಅರಳಿಸಿದಳು.

“ದರಿದ್ರವಾಗಿತ್ತು ಮಗಳೇ. ಮೊದಲನೇ ಸಾಲು, ಏಳನೇದು.”