ಸಡ್ಡೆಗೊಂದು ಮನೆ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಪಕ್ಕದಲ್ಲಿ ಒಂದು ಗೋಣಿಚೀಲ. ಬಾಯಿ ಬಿಚ್ಚುವ ಮೊದಲೇ ಒಳಗೇನಿದೆ ಎಂದು ಮೂಗಿಗೆ ಗೊತ್ತಾಯಿತು. ಸೊಗಡು ಅವರೆಯ ವಾಸನೆಯನ್ನು ಬಚ್ಚಿಡುವ ಚೀಲ ಇನ್ನೂ ಹುಟ್ಟಿಲ್ಲ. ಈ ದಿನಗಳಲ್ಲಿ ನಮ್ಮ ಸಾರಕ್ಕಿ ಮಾರುಕಟ್ಟೆಯಲ್ಲಿ ರಸ್ತೆಯವರೆಗೂ ಅವರೆಕಾಯಿ ಸುರಿದಿರುತ್ತಾರೆ. ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಬೈದುಕೊಳ್ಳುವವರೂ ಒಂದು ಕ್ಷಣ ಬೈಗುಳ ಮರೆಯುತ್ತಾರೆ. ಆದರೆ ಈ ಚೀಲ ಮಾರುಕಟ್ಟೆಯದಲ್ಲ. ಇದು ಒಂದು ಮ್ಯೂಸಿಯಂನಿಂದ ಬಂದದ್ದು. ಮ್ಯೂಸಿಯಂನಿಂದ ಅವರೆಕಾಯಿ ಹೇಗೆ ಬರುತ್ತದೆ ಎಂದು ನೀವು ಕೇಳುತ್ತೀರಿ, ಕೇಳಬೇಕಾದ್ದೇ. ಬಿಡಿಸುತ್ತಾ ಹೇಳುತ್ತೇನೆ. ಸುಮ್ಮನೆ ಕೂತು ಕೇಳುವ ಬದಲು ನೀವೂ ಒಂದು ಹಿಡಿ ತೆಗೆದುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಸಾರಕ್ಕಿಯಲ್ಲಿ ಗೌರಮ್ಮನವರ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ, ಎರಡು ಮೈಲಿ ಆಚೆ ಹೋಗುವವಳಿಗೆ ನಮ್ಮಮ್ಮ ಪರದೇಶಕ್ಕೆ ಕಳಿಸುವವರ ಹಾಗೆ ಎರಡು ಭರಣಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. ಜಯನಗರದವರ ದೃಷ್ಟಿಯಲ್ಲಿ ಸಾರಕ್ಕಿ ಆಗ ಊರಲ್ಲ, ಹಳ್ಳಿ. ಗೌರಮ್ಮನವರ ದೃಷ್ಟಿಯಲ್ಲಿ ಜಯನಗರ ಮೊನ್ನೆ ಮೊನ್ನೆ ಹುಟ್ಟಿದ ಕೂಸು. ಅವರ ಹೊಲದ ಮೇಲೆ ಈಗ ಬಡಾವಣೆ ಇದೆ. ಆಟೋದಲ್ಲಿ ಹೋಗುವಾಗ ಹಲ್ಲಿನ ಡಾಕ್ಟರ ಶಾಪಿನ ಮುಂದೆ ಕೈ ತೋರಿಸಿ, "ಇಲ್ಲಿಂದ ಆ ಟ್ರಾನ್ಸ್‌ಫಾರ್ಮರ್‌ವರೆಗೂ ನಮ್ಮ ರಾಗಿ" ಎನ್ನುತ್ತಿದ್ದರು. ಆ ಮಾತಿನಲ್ಲಿ ದುಃಖವೇನೂ ಇರಲಿಲ್ಲ, ವಿಳಾಸ ಹೇಳಿದ ಹಾಗಿತ್ತು. ಹೊಲ ಹೋದಮೇಲೆ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಬೆಳಿಗ್ಗೆ ಏಳಕ್ಕೆ ಮೋಟರ್ ಹಾಕಿ, ಮೇಲೆ ನೀರು ಬೀಳುವ ಸದ್ದಿನಲ್ಲೇ ಟ್ಯಾಂಕ್ ಎಷ್ಟು ತುಂಬಿತೆಂದು ಹೇಳುತ್ತಿದ್ದರು.

ಅವರ ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿಗೂ ದೇವರ ಪಟಕ್ಕೂ ನಡುವೆ, ಒಂದು ವಸ್ತು ನೇತಾಡುತ್ತಿತ್ತು. ತೋಳುದ್ದದ ಬಿದಿರಿನ ಕೊಳವೆ, ತಲೆಯ ಮೇಲೆ ಒಂದು ಮರದ ಬಟ್ಟಲು. ನಾನು ಇತಿಹಾಸದವಳಲ್ಲವೇ, ನೋಡಿದ ಕೂಡಲೇ ತೀರ್ಮಾನಿಸಿದೆ: ಊದುವ ವಾದ್ಯ, ಕಹಳೆಯ ಜಾತಿ. ಯಾರನ್ನೂ ಕೇಳಲಿಲ್ಲ. ಎರಡು ವರ್ಷ ತರಗತಿಯಲ್ಲಿ, "ನಮ್ಮ ಓನರ್ ಮನೆಯಲ್ಲೇ ಅಂಥದ್ದೊಂದಿದೆ" ಎಂದು ಪಾಠವನ್ನೂ ಮಾಡಿದೆ. ಕೊನೆಗೊಂದು ದಿನ ಮೂವರು ವಿದ್ಯಾರ್ಥಿನಿಯರನ್ನು ಕರೆತಂದು ಅದರ ಕೆಳಗೆ ನಿಲ್ಲಿಸಿ ವಿವರಿಸತೊಡಗಿದೆ. ಗೌರಮ್ಮ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ಪೂರ್ತಿ ಕೇಳಿದರು. ಆಮೇಲೆ ಸ್ಟೂಲು ಹಾಕಿ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

"ಊದಿ ಮೇಡಂ, ನಾವೂ ಕೇಳ್ತೀವಿ" ಎಂದರು.

ಅದು ಸಡ್ಡೆ. ರಾಗಿ ಬಿತ್ತುವಾಗ ಮುಂದೆ ಎತ್ತು ಕಟ್ಟಿದ ಕೂರಿಗೆ ಹೋಗುತ್ತದೆ, ಅದನ್ನು ಗಂಡಸರು ನಡೆಸುತ್ತಾರೆ. ಅದರ ಹಿಂದೆ ಹಗ್ಗ ಕಟ್ಟಿದ ಸಡ್ಡೆಯನ್ನು ಹಿಡಿದು ಒಬ್ಬ ಹೆಂಗಸು ನಡೆಯುತ್ತಾಳೆ. ಬಟ್ಟಲಿಗೆ ಅವರೆಕಾಳನ್ನು ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೊಳವೆಯಲ್ಲಿಳಿದ ಕಾಳು ರಾಗಿಯ ನಡುವೆ ಅಕ್ಕಡಿ ಸಾಲಾಗಿ ನೆಲ ಸೇರುತ್ತದೆ. "ಕೈ ತಡೀತು ಅಂದ್ರೆ ಸಾಲು ಬೋಳು, ಕೈ ಜಾರ್ತು ಅಂದ್ರೆ ಒಂದೇ ಕಡೆ ಗುಂಪು. ಮೊಳಕೆ ಬಂದ್ಮೇಲೆ ಊರೆಲ್ಲ ನೋಡ್ತದೆ, ಯಾರ ಕೈ ಎಂಥದ್ದು ಅಂತ. ನನ್ನ ಸಾಲಲ್ಲಿ ಬೋಳು ಯಾರೂ ನೋಡಿಲ್ಲ." ಹುಡುಗಿಯರು ಇದನ್ನೆಲ್ಲ ಬರೆದುಕೊಂಡರು. ನನ್ನ ಪಾಠವನ್ನು ಅವರು ಅಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದು ನನಗೆ ನೆನಪಿಲ್ಲ.

ಕೆಲವು ವರ್ಷಗಳ ಮೇಲೆ ಅವರ ಮಗ ಮಂಜಣ್ಣ ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸಲು ಹೊರಟ. ಒಳ್ಳೆಯವನೇ, ಆದರೆ ಗಡಿಬಿಡಿಯ ಮನುಷ್ಯ. ಮನೆ ಖಾಲಿ ಮಾಡಿಸುವ ಭರದಲ್ಲಿ ಸಡ್ಡೆಯನ್ನೂ ಗುಜರಿ ಸಾಮಾನಿನ ಜೊತೆ ಇಟ್ಟುಬಿಟ್ಟ. ಆ ಸಂಜೆ ಗೌರಮ್ಮ ಅದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಮಹಡಿ ಹತ್ತಿ ಬಂದರು.

"ಮೇಡಂ, ಭಾನುವಾರ ಆದ್ರೆ ಮ್ಯೂಸಿಯಂ ಮ್ಯೂಸಿಯಂ ಅಂತ ಸುತ್ತುತೀರಲ್ಲ. ಇದನ್ನ ಇಟ್ಕೊಳೋ ಅಂಥ ಮನೆ ಯಾವುದಾದ್ರೂ ಐತಾ?"

"ಯಾವುದಕ್ಕೆ ಕೊಟ್ರೂ ತಗೋತಾರಮ್ಮ."

"ಯಾವುದಕ್ಕಾದ್ರೂ ಕೊಡಾಕಾಯ್ತದಾ? ಹೆಣ್ಣು ಕೊಡೋಕೆ ಮುಂಚೆ ಮನೆ ನೋಡಲ್ವಾ? ನಂಗೆ ಹೆಣ್ಣುಮಕ್ಳಿಲ್ಲ. ಇರೋದು ಇದೊಂದೇ."

ಹೀಗೆ ನಾವು ಮನೆ ನೋಡಲು ಹೊರಟೆವು. ನನ್ನ ಈ ಚಟದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಮ್ಯೂಸಿಯಂಗಳಿಗೆ ಎಲ್ಲರೂ ಹೋಗುತ್ತಾರೆ. ನನಗೆ ಇಷ್ಟ ಹಳ್ಳಿಗಾಡಿನ ಪುಟ್ಟವು: ಮಾಗಡಿ, ಕನಕಪುರ, ಕೋಲಾರದ ಕಡೆ, ಬಸ್ಸಿಳಿದು ಒಂದಿಷ್ಟು ನಡೆದರೆ ಸಿಗುವಂಥವು. ಬೀಗದ ಕೈ ಇಟ್ಟುಕೊಂಡವನು ಸದಾ ಟೀ ಕುಡಿಯಲು ಹೋಗಿರುತ್ತಾನೆ. ಬಂದಮೇಲೆ ನಿಮ್ಮೊಬ್ಬರಿಗಾಗಿ ದೀಪ ಹಾಕುತ್ತಾನೆ. ಸಂದರ್ಶಕರ ಪುಸ್ತಕ ತೆರೆದರೆ ಕೊನೆಯ ಸಹಿ ನಿಮ್ಮದೇ, ಹೋದ ವರ್ಷದ್ದು. ಆ ಪುಸ್ತಕದಲ್ಲಿ ನಾನು ಹೆಸರಿನ ಮುಂದೆ ಎಂ.ಎ., ಅದರ ಮುಂದೆ ಎಂ.ಫಿಲ್. ಬರೆಯದೆ ಬಂದವಳಲ್ಲ.

ಮೊದಲು ಹೋದದ್ದು ಒಂದು ತಾಲ್ಲೂಕು ಊರಿನ ಮ್ಯೂಸಿಯಂಗೆ. ನಾನು ವೀರಗಲ್ಲುಗಳನ್ನು ವಿವರಿಸುತ್ತಿದ್ದೆ. ಗೌರಮ್ಮ ಸೂರು ನೋಡುತ್ತಿದ್ದರು. ಮೂಲೆಯಲ್ಲಿ ಬೆರಳಾಡಿಸಿ ಧೂಳು ನೋಡಿದರು. ನೀರಿನ ಕಲೆ ಇದ್ದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು. "ಮನೆತನ ದೊಡ್ಡದು, ಆದ್ರೆ ನೋಡ್ಕೊಳೋರಿಲ್ಲ. ಇಲ್ಲಿ ಕೊಟ್ರೆ ಸೊರಗಿ ಹೋಯ್ತಾಳೆ" ಎಂದು ಹೊರಗೆ ಬಂದರು.

ಎರಡನೆಯದು ಕನಕಪುರ ರಸ್ತೆಯಾಚೆ, ಮಾವಿನ ತೋಪಿನ ನಡುವಿನ ಆರ್ಟ್ ಗ್ಯಾಲರಿ. ಬೆಳ್ಳನೆಯ ಗೋಡೆ, ಎ.ಸಿ., ದೊಡ್ಡ ದೊಡ್ಡ ಚಿತ್ರಗಳು. ಒಂದು ಗೋಡೆಯಲ್ಲಿ ಹಳೇ ನೇಗಿಲಿಗೆ ಫಳಫಳ ವಾರ್ನಿಷ್ ಬಳಿದು ಮೇಲಿನಿಂದ ದೀಪ ಬಿಟ್ಟಿದ್ದರು. ಅಲ್ಲಿನ ಹೆಣ್ಣುಮಗಳು ಕಾಫಿ ಕೊಟ್ಟು ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ನನಗೆ ಇಲ್ಲೇ ಆಗಿಹೋಗಲಿ ಎಂದು ಆಸೆ. ನಿಜ ಹೇಳುತ್ತೇನೆ, ಅಲ್ಲಿಗೆ ನನ್ನ ಗೆಳತಿಯರೆಲ್ಲ ಬರುತ್ತಾರೆ; ಇದು ಕೊಡಿಸಿದ್ದು ನಾನೇ ಎಂದು ಹೇಳಿಕೊಳ್ಳಬಹುದಿತ್ತು. ಗೌರಮ್ಮ ಆ ನೇಗಿಲಿನ ಮುಂದೆ ತುಂಬಾ ಹೊತ್ತು ನಿಂತರು. ವಾಪಸು ಬಸ್ಸಿನಲ್ಲಿ, "ಚೆನ್ನಾಗಿ ನೋಡ್ಕೋತಾರೆ. ಸೊಸೆಗೆ ಒಡವೆ ಹಾಕಿ ಶೋಕೇಸಲ್ಲಿ ಕೂರಿಸ್ತಾರೆ, ಒಂದ್ ಕೆಲ್ಸ ಮುಟ್ಟಿಸಲ್ಲ. ಬ್ಯಾಡ" ಎಂದರು. ನನಗೆ ಸಿಟ್ಟು ಬಂತು. ಅವರು ಮನೆ ಕೆಡವುವ ದಿನ ಹತ್ತಿರ ಬರುತ್ತಿತ್ತು, ಸಡ್ಡೆ ನನ್ನ ಮಂಚದ ಕೆಳಗಿತ್ತು.

ಮೂರನೆಯದು ಮಾಗಡಿ ಕಡೆಯ ಒಂದು ಹಳ್ಳಿಯದು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಎರಡು ಕೋಣೆಯಲ್ಲಿ, ಅದೇ ಶಾಲೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಊರವರ ಸಾಮಾನುಗಳನ್ನು ಜೋಡಿಸಿಟ್ಟಿದ್ದರು. ಕಪ್ಪುಹಲಗೆ ಹಾಗೇ ಇತ್ತು; ಅದರ ಮೇಲೆ ಸೀಮೆಸುಣ್ಣದಲ್ಲಿ ವಸ್ತುಗಳ ಪಟ್ಟಿ. ನಾನು ಮನೆಯಲ್ಲೇ ಬರೆದು ತಂದಿದ್ದ ಚೀಟಿ ಕೊಟ್ಟೆ. ಅದರಲ್ಲಿ ಸಡ್ಡೆಯ ವಿವರ, ಕೆಳಗೆ ದಾನಿಗಳ ಹೆಸರು: ಗೌರಮ್ಮನವರ ತೀರಿಕೊಂಡ ಯಜಮಾನರ ಹೆಸರು ಮತ್ತು ಕುಟುಂಬದವರು. ಮೇಷ್ಟ್ರು ಚೀಟಿ ನೋಡಲೇ ಇಲ್ಲ. ಸಡ್ಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಟ್ಟಲ ಅಂಚಿನಲ್ಲಿ ಬೆರಳು ಉಜ್ಜಿ ನುಣುಪಾಗಿದ್ದ ಜಾಗದ ಮೇಲೆ ತಮ್ಮ ಬೆರಳಿಟ್ಟರು.

"ಇದರಲ್ಲಿ ಕಾಳು ಬಿಡ್ತಿದ್ದೋರು ಯಾರಮ್ಮ?"

"ನಾನೇ" ಎಂದರು ಗೌರಮ್ಮ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ವರ್ಷ ಅದೇ ಮನೆಯಲ್ಲಿದ್ದವಳು ನಾನು, ಅವರ ಹೆಸರನ್ನು ಆ ಚೀಟಿಯಲ್ಲಿ ಬರೆಯಲು ತೋಚಿರಲಿಲ್ಲ. ನಾಚಿಕೆಯಾಯಿತು. ಚೀಟಿಯನ್ನು ವಾಪಸು ತೆಗೆದುಕೊಂಡು ಬ್ಯಾಗಿನಲ್ಲಿ ತುರುಕಿದೆ.

ಮನೆ ಒಪ್ಪಿಗೆಯಾಯಿತು. ಒಂದೇ ಷರತ್ತು. "ಇವಳನ್ನ ಸುಮ್ನೆ ಕೂರಿಸ್ಬೇಡಿ ಮೇಷ್ಟ್ರೇ. ವರ್ಷಕ್ಕೊಂದು ಸಲ ಹೊಲಕ್ಕೆ ಕರ್ಕೊಂಡು ಹೋಗ್ಬೇಕು."

ನನ್ನೊಳಗಿನ ಎಂ.ಫಿಲ್. ಎದ್ದು ಕೂತಿತು. "ಅಮ್ಮ, ಮ್ಯೂಸಿಯಂ ವಸ್ತು ಬಳಸೋ ಹಾಗಿಲ್ಲ, ಸವೆದು ಹೋಗುತ್ತೆ."

"ಸವೆಯೋಕೇ ಅಲ್ವಾ ಮೇಡಂ ಮಾಡಿರೋದು? ಸುಮ್ನೆ ಇದ್ರೆ ಹುಳ ಹಿಡೀತದೆ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಶಾಲೆಯ ಹಿಂದೆಯೇ ಅವರ ಎರಡೆಕರೆ. "ಎತ್ತು, ಕೂರಿಗೆ ಹೊಂದಿಸ್ತೀನಿ. ಆದ್ರೆ ಸಡ್ಡೆ ಹಿಡಿಯೋರು ಈಗ ನಮ್ಮೂರಲ್ಲಿ ಯಾರೂ ಇಲ್ಲ. ನೀವೇ ಬರ್ಬೇಕು" ಎಂದರು.

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಹೊಲಕ್ಕೆ ಕಾಲಿಟ್ಟು ಮೂವತ್ತು ವರ್ಷ ದಾಟಿತ್ತು. "ಮನೇಲಿ ಮೋಟರ್ ಯಾರು ಹಾಕ್ತಾರೆ?" ಎಂದು ನನ್ನ ಕಡೆ ನೋಡಿದರು. ಯಾರೋ ಒಬ್ಬರು ಹಾಕುತ್ತಾರೆ ಎಂದೆ.

ಆ ಸಲದ ಬಿತ್ತನೆಗೆ ಮಂಜಣ್ಣನೇ ಕಾರಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಫೋನಿನಲ್ಲಿ ಸಿಮೆಂಟಿನ ಮಾತು. ಗೌರಮ್ಮ ಚಪ್ಪಲಿ ಬಿಟ್ಟು, ಮಡಿಲಲ್ಲಿ ಕಾಳು ಕಟ್ಟಿಕೊಂಡು, ಕೂರಿಗೆಯ ಹಿಂದೆ ನಿಂತರು. ಮೊದಲ ಹತ್ತು ಹೆಜ್ಜೆ ತಡವರಿಸಿದರು. ಆಮೇಲೆ ಕೈಗೆ ನೆನಪಾಯಿತು. ತಲೆ ಬಗ್ಗಿಸಲಿಲ್ಲ, ಕಾಳು ನೋಡಲಿಲ್ಲ, ಎತ್ತಿನ ಹೆಜ್ಜೆಗೆ ಬೆರಳು ಆಡುತ್ತಿತ್ತು. ಬದುವಿನ ಮೇಲೆ ಮಂಜಣ್ಣ ಫೋನು ಕಿವಿಗಿಟ್ಟುಕೊಂಡೇ ಸುಮ್ಮನಾಗಿದ್ದ. ಆ ಕಡೆಯವರು ಹಲೋ ಹಲೋ ಎನ್ನುವುದು ನನಗೂ ಕೇಳಿಸುತ್ತಿತ್ತು. ಮೂರು ವಾರ ಕಳೆದು ಮತ್ತೆ ಕರೆದುಕೊಂಡು ಹೋದವನೂ ಅವನೇ. ಸಾಲು ನೂಲು ಹಿಡಿದ ಹಾಗೆ ಹುಟ್ಟಿತ್ತು. ಅವನು ಆ ತುದಿಯಿಂದ ಈ ತುದಿಗೆ ನಡೆದು ಬಂದು, "ಒಂದು ಬೋಳಿಲ್ಲ ಕಣಮ್ಮ" ಎಂದ. ನನ್ನ ಹೊಲವಲ್ಲ, ನನ್ನ ತಾಯಿಯಲ್ಲ. ಆದರೂ ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಈಗಲೂ ಬಿತ್ತನೆಯ ದಿನಗಳಲ್ಲಿ ನೀವು ಆ ಮ್ಯೂಸಿಯಂಗೆ ಹೋದರೆ ಸಡ್ಡೆ ಸಿಗುವುದಿಲ್ಲ. ಗೋಡೆಯಲ್ಲಿ ಬರೀ ಗೂಟ, ಅದರ ಕೆಳಗೆ ಮೇಷ್ಟ್ರ ಅಕ್ಷರದಲ್ಲಿ ಒಂದು ಹಲಗೆ: "ಹೊಲಕ್ಕೆ ಹೋಗಿದೆ. ಬಿತ್ತನೆ ಮುಗಿದ ಮೇಲೆ ಬರುತ್ತದೆ." ಉಳಿದ ದಿನ ಹೋದರೆ ಬೇರೆ ಹಲಗೆ: "ಸಡ್ಡೆ. ಬಿತ್ತಿದವರು: ಸಾರಕ್ಕಿಯ ಗೌರಮ್ಮ." ನಾನು ಬಹಳ ಮ್ಯೂಸಿಯಂ ನೋಡಿದ್ದೇನೆ. ದಾನಿಗಳ ಹೆಸರು, ದೊರೆಗಳ ಹೆಸರು ಓದಿದ್ದೇನೆ. ಕೆಲಸ ಮಾಡಿದವರ ಹೆಸರನ್ನು ಓದಿದ್ದು ಅಲ್ಲೇ. ಈ ವರ್ಷ ಅಲ್ಲಿಯ ಪುಸ್ತಕದಲ್ಲಿ ಸಹಿ ಮಾಡುವಾಗ ಎಂ.ಎ., ಎಂ.ಫಿಲ್. ಬಿಟ್ಟೆ. "ಗೌರಮ್ಮನವರ ಮನೆಯ ಬಾಡಿಗೆಯವಳು" ಎಂದು ಬರೆದೆ.

ಆ ಸಾಲಿನ ಅವರೆಯನ್ನೇ ಮೇಷ್ಟ್ರು ಈ ಚೀಲದಲ್ಲಿ ಕಳಿಸಿದ್ದು. ಚೀಲ ಅರ್ಧ ಖಾಲಿಯಾಯಿತು, ಬೆರಳುಗಳೆಲ್ಲ ಕಪ್ಪು. ಅಷ್ಟರಲ್ಲಿ ಗೌರಮ್ಮ ಲಿಫ್ಟಿನಲ್ಲಿ ಮೇಲೆ ಬಂದರು. ಹೊಸ ಮನೆಯಲ್ಲೂ ನನಗೊಂದು ಮಹಡಿ ಇಟ್ಟಿದ್ದಾರೆ. ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, ನಾನು ಬಿಡಿಸಿದ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿದರು.

"ಬರೋ ವರ್ಷ ನನ್ ಕೈಲಿ ನಡಿಯಾಕೆ ಆಗಲ್ಲ ಮೇಡಂ. ಬದಿನ ಮೇಲೆ ಕೂತು ಹೇಳ್ತೀನಿ, ಸಡ್ಡೆ ನೀವು ಹಿಡೀರಿ."

ಮನೆ ಕಟ್ಟಿದಾಗ ಉಳಿದಿದ್ದ ಪಿವಿಸಿ ಪೈಪಿನ ತುಂಡೊಂದು ಟೆರೇಸಿನಲ್ಲಿದೆ. ಅದಕ್ಕೊಂದು ಆಲಿಕೆ ಸಿಕ್ಕಿಸಿದರೆ ನಾಳೆಯಿಂದಲೇ ಅಭ್ಯಾಸ ಶುರುಮಾಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದಾಗಲೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ.

"ನನ್ನ ಕೈಲಿ ಆಗುತ್ತಾ ಅಮ್ಮ?" ಎಂದೆ.

"ಯಾಕಾಗಲ್ಲ?" ಎಂದರು ಗೌರಮ್ಮ, ಕಾಳನ್ನು ಪಾತ್ರೆಗೆ ಸುರಿಯುತ್ತಾ. "ಊದ್ಬೇಡಿ, ಅಷ್ಟೇ."