ಖಾಲಿ ಪೈಪಿನ ಮೇಸ್ತ್ರಿ

ಗಾರೆಯವರ ಮುಂದೆ ಭಾವ ತನ್ನನ್ನು "ಅರ್ಧಂಬರ್ಧ ಕೆಲಸದವನೇ" ಎಂದು ಬೈದದ್ದನ್ನು ಸಿಸಿಟಿವಿ ಕ್ಯಾಮೆರಾ ಹಾಕುವ ಮೇಸ್ತ್ರಿ ಇವತ್ತಿಗೂ ಮರೆತಿಲ್ಲ. ಎರಡು ಕಟ್ಟಡಕ್ಕೆ ಕ್ಯಾಮೆರಾ ಹಾಕಬೇಕೆಂದು ಯಾರಾದರೂ ಕರೆದರೆ ಆತ ಮೊದಲು ಕ್ಯಾಮೆರಾದ ಮಾತೇ ಎತ್ತುವುದಿಲ್ಲ. ಗೋಡೆ ತಟ್ಟುತ್ತಾನೆ, ಮೆಟ್ಟಿಲ ಕೆಳಗೆ ತಲೆ ತೂರಿಸುತ್ತಾನೆ, ಛಾವಣಿಯ ನೀರು ಬೀಳುವ ಜಾಗ ನೋಡಿ ಮಾಲೀಕರನ್ನೇ ಗದರುತ್ತಾನೆ. ಅವನು ರೇಗಿದರೆ ಡ್ರಿಲ್ಲಿಂಗ್ ಮಷೀನೂ ಬಾಯಿ ಮುಚ್ಚುತ್ತದಂತೆ. "ಆ ಕಟ್ಟಡದಿಂದ ಈ ಕಟ್ಟಡಕ್ಕೆ ಮೇಲಿಂದಾನೇ ಕೇಬಲ್ ಎಳೆದುಬಿಡಪ್ಪ" ಎಂದರೆ ಮುಗಿಯಿತು. "ಬಟ್ಟೆ ಒಣಗಿಸೋಕಾ ಸ್ವಾಮಿ? ಒಂದು ಸಿಡಿಲು ಬಡಿದ್ರೆ ಎರಡೂ ಕಡೆ ಕಣ್ಣು ಹೋಯ್ತು. ನೆಲ ಅಗೆಸಿ!" ಅಗೆದ ಮೇಲೆ ಕೇಬಲ್ಲಿನ ಪೈಪಿನ ಪಕ್ಕದಲ್ಲೇ ಇನ್ನೊಂದು ಖಾಲಿ ಪೈಪು ಹೂಳಿಸಿ, ಅದರೊಳಗೊಂದು ದಾರ ಬಿಡುತ್ತಾನೆ. ಮುಂದೆ ಹೊಸ ಕೇಬಲ್ ಬೇಕಾದರೆ ಆ ದಾರಕ್ಕೆ ಕಟ್ಟಿ ಎಳೆದರಾಯಿತು, ಮತ್ತೆ ಅಗೆಯುವ ರಗಳೆಯಿಲ್ಲ. "ಖಾಲಿ ಪೈಪು ದಂಡ ಅಲ್ವಾ?" ಎಂದವರ ಮೇಲೆ ಹರಿಹಾಯುತ್ತಾನೆ. "ಇದನ್ನೆಲ್ಲ ಯಾರು ಕಲಿಸಿದ್ರು?" ಎಂದು ಕೇಳಿದರೆ ಮಾತ್ರ ತಲೆ ತಗ್ಗಿಸಿ ಕೇಬಲ್ ಸುಲಿಯತೊಡಗುತ್ತಾನೆ. ಕಲಿಸಿದವನು ಭಾವನೇ. ಅಂದು ಖಾಲಿ ಪೈಪು ಹಾಕದೆ ಇವನು ಗುಂಡಿ ಮುಚ್ಚಿಸಿದ್ದಕ್ಕೇ ಆ ಬೈಗುಳ. ಇವನು ಸಿಟ್ಟಾಗಿ ಭಾವನ ಜೊತೆ ಮಾತು ಬಿಟ್ಟ ಮೇಲೆ, ಆ ಗುಂಡಿಯಲ್ಲಿ ಹೂತ ಕೇಬಲ್ ಕೆಟ್ಟಾಗ ಕಾಂಕ್ರೀಟು ಒಡೆದು, ಇವನ ಹೆಸರು ಕೆಡದಂತೆ ಸರಿಮಾಡಿ ಬಂದವನೂ ಭಾವನೇ. ಅಕ್ಕನ ಬಾಯಿಂದ ಅದು ತಿಳಿಯುವ ಹೊತ್ತಿಗೆ ಭಾವ ತೀರಿಕೊಂಡಿದ್ದ. ಈಗಲೂ ದಾರದ ತುದಿಗೆ ಮೇಸ್ತ್ರಿ ಹಾಕುವುದು ಭಾವ ಹಾಕಲು ಕಲಿಸಿದ ಗಂಟನ್ನೇ. "ನೀನಂದದ್ದೇ ಸರಿ ಭಾವ" ಎಂಬ ಮಾತು ಮಾತ್ರ ಬಾಕಿಯೇ ಉಳಿಯಿತು.